ಸ್ಕ್ಯಾನ್ ಕಾಲಿಡದ ಫೋಲ್ಡರ್

ರಾಗಿ ಒಕ್ಕಣೆಯ ಕಾಲ. ಹೆಬ್ಬೂರಿನಲ್ಲಿ ಬೆಳಗಿನಿಂದಲೇ ಮಿಷನ್ನಿನ ಸದ್ದು ಶುರುವಾಗಿತ್ತು. ಉಮಾಮಹೇಶ್ವರಿಯವರ ಅಂಗಳದಲ್ಲಿ ಪಕ್ಕದ ಮನೆಯ ಚಿಕ್ಕಗಂಗಮ್ಮ ಮೊರ ಎತ್ತಿ ಹಿಡಿದು ಗಾಳಿಗೆ ರಾಗಿ ತೂರುತ್ತಿದ್ದಳು. ಕಾಳು ಕಾಲ ಬುಡದಲ್ಲಿ ಗುಡ್ಡೆಯಾಗುತ್ತಿತ್ತು. ಹೊಟ್ಟು ಹಾರಿ ತೆಂಗಿನ ಮರಗಳ ಕಡೆ ಹೋಗುತ್ತಿತ್ತು.

"ಟೀಚರಮ್ಮ, ಫೋನು ಬಡ್ಕೊಳ್ತಾ ಐತೆ ನೋಡಿ."

ಉಮಾಮಹೇಶ್ವರಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ತುಮಕೂರಿನ ಅನ್ನಾಕ್ಷರ ಟ್ರಸ್ಟು ಹಳ್ಳಿ ಮಕ್ಕಳಿಗೆ ಹಾಸ್ಟೆಲ್ಲು, ಊಟ, ಓದು ಎಲ್ಲ ಕೊಡುತ್ತದೆ. ಅದಕ್ಕೊಂದು ಪ್ರವೇಶ ಪರೀಕ್ಷೆ. ಪ್ರಶ್ನೆಪತ್ರಿಕೆ ತೆಗೆಯುವುದು ಇವರೇ, ಸಂಬಳವಿಲ್ಲದೆ, ಹಲವು ವರ್ಷಗಳಿಂದ. ಮನೆಯ ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಾರೆ. ಪರೀಕ್ಷೆಯ ಹಿಂದಿನ ಸಂಜೆ ಪ್ರಿಂಟ್ ತೆಗೆದು, ಖುದ್ದಾಗಿ ಟ್ರಸ್ಟಿಗೆ ಒಯ್ದು, ತಮ್ಮ ಕಣ್ಣೆದುರೇ ಜೆರಾಕ್ಸ್ ಮಾಡಿಸುತ್ತಾರೆ. ಈ ಸಲದ ಪರೀಕ್ಷೆ ನಾಳೆ, ಭಾನುವಾರ.

ಫೋನಿನಲ್ಲಿ ಟ್ರಸ್ಟಿನ ಕಾರ್ಯದರ್ಶಿ ಮಹಾಲಿಂಗಯ್ಯ.

"ಉಮಕ್ಕಾ, ಪ್ರಿಂಟ್ ತೆಗೆದ್ರಾ?"

"ಇಲ್ಲ. ಸಂಜೆಗೆ."

"ತೆಗೀಬೇಡಿ. ಪೇಪರ್ ಎಲ್ಲರ ವಾಟ್ಸಾಪಲ್ಲಿ ಓಡಾಡ್ತಾ ಇದೆ."

ಅವರು ಕಳಿಸಿದ್ದನ್ನು ಉಮಾಮಹೇಶ್ವರಿ ತೆರೆದು ನೋಡಿದರು. ಅದೇ ಅಕ್ಷರ. ಅದೇ ಅಂಚು. ತಾವೇ ಹಾಕಿದ ಗೆರೆ. ಕುರ್ಚಿ ಎಳೆದುಕೊಂಡು ಕೂತರು.

"ಪರೀಕ್ಷೆ ಮುಂದಕ್ಕೆ ಹಾಕ್ತೀವಿ," ಎಂದರು ಮಹಾಲಿಂಗಯ್ಯ. "ಪೊಲೀಸರಿಗೂ ಹೇಳಿದೀನಿ. ಬುಧವಾರ ಕಮಿಟಿ ಕೂಡುತ್ತೆ ಅಕ್ಕ. ಪೇಪರ್ ನಿಮ್ಮ ಮನೇಲಿ ಬಿಟ್ರೆ ಬೇರೆಲ್ಲೂ ಇರ್ಲಿಲ್ಲ. ಅಷ್ಟರಲ್ಲಿ ಹೆಂಗೆ ಹೊರಗೆ ಹೋಯ್ತು ಅಂತ ಗೊತ್ತಾಗ್ಲೇಬೇಕು."

"ಗೊತ್ತಾಗದಿದ್ರೆ?"

"ಮಾರ್ಕೊಂಡ್ರು ಅಂತಾರೆ. ನಾನಲ್ಲ. ಅವರು."

* * *

ಮಧ್ಯಾಹ್ನಕ್ಕೆ ಇಬ್ಬರು ಬಂದರು.

ಮೊದಲು ಬಂದವನು ಉದಯಕುಮಾರ್. ಉಮಾಮಹೇಶ್ವರಿಯವರ ಹಳೆಯ ಶಿಷ್ಯ, ಈಗ ಗುಬ್ಬಿಯ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಸುದ್ದಿ ಕೇಳಿ ಬೈಕಿನಲ್ಲಿ ನೇರ ಬಂದಿದ್ದ. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು.

"ಆ ಕುಣಿಗಲ್‌ನೋನ ಕೆಲ್ಸ ಇದು ಟೀಚರ್. ಸಿಪಿಯು ಅಂಗಡೀಗೆ ಎತ್ಕೊಂಡು ಹೋದ ಅಂದ್ರಿ. ಯಾಕೆ ಕೊಟ್ರಿ ನೀವು?"

"ನೀನು ಪರೀಕ್ಷೆ ಡ್ಯೂಟಿ ಅಂದೆ. ಸ್ಕ್ಯಾನ್ ನಿಂತುಹೋಗ್ತಿತ್ತು. ಇನ್ನಾರನ್ನ ಕರೀಲಿ?"

ಎರಡನೆಯವರು ಜೀಪಿನಲ್ಲಿ ಬಂದರು. ತುಮಕೂರು ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಸುಮನಾ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಅಂಗಳಕ್ಕೆ ಕಾಲಿಟ್ಟವರು ಗಾಳಿ ಎತ್ತ ಬೀಸುತ್ತಿದೆ ನೋಡಿ, ಹೊಟ್ಟು ಮೈಮೇಲೆ ಬೀಳದಂತೆ ಬಳಸಿಕೊಂಡು ಬಂದರು.

"ರಾಗಿ ಮನೆಯೋಳೇ ಇರ್ಬೇಕು," ಎಂದಳು ಚಿಕ್ಕಗಂಗಮ್ಮ, ಕೇಳಿಸುವಂತೆಯೇ. "ಪೊಲೀಸ್ ಅಂತವ್ರೆ. ಲಾಠಿನೇ ಇಲ್ಲ."

"ಜೀಪಲ್ಲಿದೆ ಅಜ್ಜಿ. ತರ್ಲಾ?"

"ಅಯ್ಯೋ ಬುಡವ್ವ, ಅಲ್ಲೇ ಇರ್ಲಿ."

ಉದಯಕುಮಾರ್ ತನಗೆ ಗೊತ್ತಿದ್ದನ್ನೆಲ್ಲ ಹೇಳಿ, ಶಾಲೆಯ ಕೆಲಸ ಬಾಕಿ ಇದೆಯೆಂದು ಹೊರಟ. ಸುಮನಾ ಕಂಪ್ಯೂಟರಿನ ಮುಂದೆ ಕೂತರು.

"ಸ್ಕ್ಯಾನ್ ವಿಷಯ ಹೇಳಿ ಮೇಡಂ."

"ಪ್ರತಿ ಶುಕ್ರವಾರ ಪೂಜೆ ಆದ್ಮೇಲೆ ಆಂಟಿವೈರಸ್ ಸ್ಕ್ಯಾನ್ ಹಾಕ್ತೀನಿ. ಅಡಿಗೆ ಆಗೋ ಹೊತ್ತಿಗೆ ಮುಗೀತಿತ್ತು. ಈಚೆಗೆ ಅರ್ಧಕ್ಕೇ ನಿಲ್ಲುತ್ತೆ. ಗೂಟ ಹೊಡ್ಕೊಂಡು ನಿಂತ ಹಾಗೆ. ಗುರುವಾರ ಕುಣಿಗಲ್ ರಿಪೇರಿ ಅಂಗಡಿ ಕೃಷ್ಣಕುಮಾರ್ ಬಂದು ಸಿಪಿಯು ತಗೊಂಡು ಹೋದ. ಶುಕ್ರವಾರ ಸಂಜೆ ತಂದ್ಕೊಟ್ಟ. ಇವತ್ತು ಬೆಳಿಗ್ಗೆ ಹಾಕ್ದೆ. ಮತ್ತೆ ಅಲ್ಲೇ ನಿಂತಿದೆ."

"ಅವನಿಗೂ ಮೊದಲು ಇದನ್ನ ಮುಟ್ಟಿದೋರು?"

"ಉದಯ. ಕಂಪ್ಯೂಟರ್ ಹಾಕಿಸಿಕೊಟ್ಟೋನೇ ಅವನು. ಆಮೇಲೆ ನನ್ನ ಅಳಿಯ ಸಿದ್ದಾರ್ಥ. ದೀಪಾವಳಿಗೆ ಬಂದಾಗ ಏನೋ ಪ್ರಿಂಟ್ ತಗೊಂಡ."

"ಅಳಿಯಂದಿರು ಏನ್ ಮಾಡ್ತಾರೆ?"

"ಶೆಟ್ಟಿಹಳ್ಳೀಲಿ ಟ್ಯೂಷನ್ ಸೆಂಟರ್ ನಡೆಸ್ತಾನೆ."

ಸುಮನಾ ತಲೆ ಎತ್ತಲಿಲ್ಲ. ಸೋರಿದ ಪತ್ರಿಕೆಯನ್ನೂ ಕಂಪ್ಯೂಟರಿನಲ್ಲಿದ್ದ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಪ್ರಶ್ನೆ ಓದುತ್ತ ಹೋದರು. ಇಪ್ಪತ್ತಮೂರಕ್ಕೆ ಬಂದು ನಿಂತರು.

"ಇಲ್ಲಿ ರಾಗಿ ಸೇರಿನ ಲೆಕ್ಕ ಇದೆ. ಸೋರಿದ್ದರಲ್ಲಿ ತೆಂಗಿನಕಾಯಿ ಲೆಕ್ಕ."

"ಮಂಗಳವಾರ ಪೇಪರ್ ಮುಗಿಸಿದೆ. ಬುಧವಾರ ಮತ್ತೊಂದ್ಸಲ ಓದಿದಾಗ ಕಾಯಿ ಲೆಕ್ಕಕ್ಕೆ ಎರಡು ಉತ್ತರ ಬರ್ತಿತ್ತು. ಅಳಿಸಿ ರಾಗೀದು ಹಾಕ್ದೆ."

"ಅದೇ ಫೈಲಿನಲ್ಲೇ?"

"ಅದೇ ಫೈಲಿನಲ್ಲೇ. ಹಳೇದು ಎಲ್ಲೂ ಇಲ್ಲ."

ಸುಮನಾ ಅದನ್ನು ಬರೆದುಕೊಂಡು ಎದ್ದರು.

* * *

ಭಾನುವಾರ. ಕುಣಿಗಲ್ ಬಸ್ ನಿಲ್ದಾಣದ ಹಿಂದಿನ ಬೀದಿ. ಕೃಷ್ಣಕುಮಾರನ ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಎದುರಿನ ಟೀ ಅಂಗಡಿಯಲ್ಲಿ ನಾಲ್ಕಾರು ಜನ ಅದನ್ನೇ ನೋಡುತ್ತ ನಿಂತಿದ್ದರು.

"ಪೇಪರ್ ಐತೇನ್ಲಾ ಕೃಷ್ಣ? ನಮ್ಮ ಹುಡುಗೀಗೂ ಒಂದು ಕೊಡು," ಎಂದು ಯಾರೋ ಕೂಗಿದರು. ನಗು.

ಒಳಗೆ ಕೃಷ್ಣಕುಮಾರ್ ಬಿಚ್ಚಿದ ಲ್ಯಾಪ್‌ಟಾಪುಗಳ ನಡುವೆ ಕೂತಿದ್ದ, ಎದುರಿಗೆ ಸುಮನಾ.

"ನೋಡಿದ್ರಲ್ಲ ಮೇಡಂ? ನಿನ್ನೆಯಿಂದ ಇದೇ. ಮೂರು ಜನ ಬಂದು ಅವರವರ ಮಿಷನ್ನು ವಾಪಸ್ ತಗೊಂಡು ಹೋದ್ರು."

"ಸಿಪಿಯು ಯಾಕೆ ತಂದ್ರಿ?"

"ಸ್ಕ್ಯಾನ್ ನಿಲ್ತಿತ್ತು. ಡಿಸ್ಕ್ ಹಾಳಾಗೈತೆ ಅನ್ಕೊಂಡೆ. ಬಿಚ್ಚಿ ಬರೀ ಡಿಸ್ಕನ್ನ ನನ್ನ ಮಿಷನ್ನಿಗೆ ಹಾಕಿ ನೋಡ್ದೆ. ಚೆನ್ನಾಗೇ ಓಡ್ತು. ವಾಪಸ್ ಕೊಟ್ಮೇಲೆ ಮತ್ತೆ ನಿಂತೈತೆ ಅಂತ ಟೀಚರ್ ಫೋನ್ ಮಾಡಿದ್ರು. ಯಾಕೋ ನಂಗೂ ಗೊತ್ತಾಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ?"

"ಡಿಸ್ಕಲ್ಲಿ ಎಲ್ಲ ನೋಡಿದ್ರಾ?"

"ಎಲ್ಲ ನೋಡ್ದೆ. ಕನ್ನಡ ಫೋಲ್ಡರೊಂದು ಬಿಟ್ಟು."

"ಅದನ್ಯಾಕೆ ಬಿಟ್ರಿ?"

ಕೃಷ್ಣಕುಮಾರ್ ಇದೇನು ಪ್ರಶ್ನೆ ಎನ್ನುವಂತೆ ನೋಡಿದ. "ಅದನ್ನ ಯಾರೂ ಮುಟ್ಟಲ್ಲ ಮೇಡಂ. ಕನ್ನಡ ಟೈಪಿಂಗ್ ಸಾಫ್ಟ್‌ವೇರು ಕೀಲಿಮಣೆಯ ಒಂದೊಂದು ಒತ್ತನ್ನೂ ಹಿಡ್ಕೊಂಡು ಕನ್ನಡ ಅಕ್ಷರ ಮಾಡುತ್ತೆ. ಆಂಟಿವೈರಸ್‌ಗೆ ಅದು ಕಳ್ಳನ ಥರ ಕಾಣುತ್ತೆ, ಹಿಡಿದು ಅಳಿಸಿಹಾಕುತ್ತೆ. ಮಾರನೇ ದಿನ ಗಿರಾಕಿ ಬಂದು ಕನ್ನಡ ಹೋಯ್ತು ಅಂತ ನಮ್ಮನ್ನ ಬೈತಾರೆ. ಅದಕ್ಕೆ ಆ ಫೋಲ್ಡರ್ ಕಡೆ ಹೋಗ್ಬೇಡ ಅಂತ ಮೊದಲೇ ಹೇಳಿಬಿಡೋದು. ಸ್ಕೂಲು, ಪಂಚಾಯ್ತಿ, ಮದುವೆ ಕಾರ್ಡ್ ಅಚ್ಚು ಹಾಕೋರು, ಎಲ್ಲರದ್ರಲ್ಲೂ ಹಂಗೇ ಇರುತ್ತೆ."

ಸುಮನಾ ಎದ್ದರು. ಬಾಗಿಲ ಬಳಿ ತಿರುಗಿ ನಿಂತರು.

"ಟೀಚರ್ ಮನೆಗೆ ಗುರುವಾರಕ್ಕೆ ಮೊದಲು ಹೋಗಿದ್ರಾ?"

"ಮನೆ ಎಲ್ಲಿ ಅಂತಲೇ ಗೊತ್ತಿರ್ಲಿಲ್ಲ. ಹಾಲಿನ ಡೈರಿ ಹತ್ರ ವಿಳಾಸ ಕೇಳ್ಕೊಂಡು ಹೋದೆ."

ಡೈರಿಯಲ್ಲಿ ವಿಚಾರಿಸಿದರೆ ಆ ಮಾತು ನಿಜವಾಗಿತ್ತು.

* * *

ಸೋಮವಾರ ಬೆಳಿಗ್ಗೆ ಶೆಟ್ಟಿಹಳ್ಳಿ. ಸಿದ್ದಾರ್ಥ ಬಾಗಿಲಲ್ಲೇ ನಿಂತು ಮಾತಾಡಿದ.

"ಅತ್ತೆ ಹೇಳಿದ್ರಾ ನನ್ನ ಹೆಸರು?"

"ಕಂಪ್ಯೂಟರ್ ಮುಟ್ಟಿದೋರು ಯಾರು ಅಂತ ನಾನು ಕೇಳ್ದೆ. ಅವರು ಮುಚ್ಚಿಡ್ಲಿಲ್ಲ."

"ಪ್ರಿಂಟ್ ತಗೊಂಡಿದ್ದು ಗ್ಯಾಸ್ ಸಬ್ಸಿಡಿ ಫಾರಂದು. ನನ್ನ ಟ್ಯೂಷನ್ ಪಿಯುಸಿ ಮಕ್ಕಳಿಗೆ ಮೇಡಂ. ಐದನೇ ಕ್ಲಾಸ್ ಪೇಪರ್ ಕದ್ದು ಪಿಯುಸಿಯೋರಿಗೆ ಓದಿಸ್ಲಾ?"

ಅಷ್ಟು ಹೇಳಿ ಅವನಿಗೇ ನಗು ಬಂತು. ಸುಮನಾ ಕೂಡ ನಕ್ಕರು. ಹೇಳಿದ ಮಾತು ಪರಿಶೀಲಿಸಿದಾಗ ಸರಿಯಾಗಿಯೇ ಇತ್ತು. ಪರೀಕ್ಷೆಗೆ ಹೆಸರು ಕೊಟ್ಟವರಲ್ಲಿ ಅವನಿಗೆ ಬೇಕಾದ ಒಂದು ಮಗುವೂ ಇರಲಿಲ್ಲ.

ಜೀಪಿಗೆ ಹತ್ತುವಾಗ ಠಾಣೆಯಿಂದ ಫೋನ್ ಬಂತು. ವಾಟ್ಸಾಪಿನ ಜಾಡು ಹಿಡಿದು ಹೋದವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯ ಒಂದು ಮಹಿಳಾ ಸಂಘದ ಗ್ರೂಪಿಗೆ ಬಂದು ನಿಂತಿದ್ದರು. ಅಲ್ಲಿಂದಾಚೆ ದಾರಿ ಇಲ್ಲ. ಪೇಪರ್ ಗ್ರೂಪಿಗೆ ಹಾಕಿದ್ದನ್ನು ಅಳಿಸಿಬಿಟ್ಟಿದ್ದರು. ಯಾರು ಹಾಕಿದ್ದು ಎಂದರೆ ಇವಳು ಅವಳನ್ನು ತೋರಿಸುತ್ತಾಳೆ, ಅವಳು ಇವಳನ್ನು.

"ಎಲ್ರ ಫೋನೂ ವಶಕ್ಕೆ ತಗೊಳ್ಳೋಣ್ವಾ ಮೇಡಂ?"

"ಬೇಡ. ಒಂದು ದಿನ ತಡೀರಿ."

* * *

ಹೆಬ್ಬೂರಿಗೆ ಬಂದ ಸುಮನಾ ಉಮಾಮಹೇಶ್ವರಿಯವರ ಕಂಪ್ಯೂಟರಿನಲ್ಲಿ ತಾವೇ ಸ್ಕ್ಯಾನ್ ಹಾಕಿದರು. ಪಕ್ಕದಲ್ಲಿ ಸುಮ್ಮನೆ ಕೂತರು. ಎಂದಿನಂತೆ ಅರ್ಧಕ್ಕೆ ನಿಂತಿತು. ಸುಮನಾ ಪರದೆ ನೋಡಲಿಲ್ಲ. ಕಿವಿ ಕೊಟ್ಟರು.

"ಏನೋ ಕರಕರ ಅಂತಿದೆ, ಕೇಳಿಸ್ತಾ?"

ಸಿಪಿಯುವಿನ ಗುಂಡಿ ಒತ್ತಿದರು. ಸಿ.ಡಿ. ತಟ್ಟೆ ಹೊರಗೆ ಬಂತು. ಅದರ ಮೇಲೊಂದು ಗೀರುಬಿದ್ದ ಹಳೆಯ ಸಿ.ಡಿ.

"ಅಯ್ಯೋ! ನನ್ನ ಮಗಳು ಪಲ್ಲವಿ ಮನೆ ಗೃಹಪ್ರವೇಶದ ವಿಡಿಯೋ. ಕಾರ್ತೀಕದಲ್ಲಿ ಚಿಕ್ಕಗಂಗಮ್ಮಂಗೆ ತೋರಿಸೋಕೆ ಅಂತ ಹಾಕಿದ್ದು. ಅಲ್ಲೇ ಮರ್ತಿದೀನಿ."

"ಸ್ಕ್ಯಾನ್ ಇಲ್ಲಿಗೆ ಬಂದು ಓದೋಕಾಗದೆ ನಿಲ್ತಿತ್ತು. ಕೃಷ್ಣಕುಮಾರ್ ಬರೀ ಡಿಸ್ಕ್ ನೋಡಿದ. ಅದಕ್ಕೇ ಅವನ ಅಂಗಡೀಲಿ ಸರಿಯಾಗಿ ಓಡ್ತು. ಇದರಲ್ಲಿ ಕಳ್ಳತನ ಏನಿಲ್ಲ."

"ಹಾಗಾದ್ರೆ ಮತ್ತೆ?"

"ನಾವೆಲ್ಲ ಸ್ಕ್ಯಾನ್ ನಿಂತ ಜಾಗ ನೋಡ್ತಾ ಕೂತ್ವಿ. ಅದು ಕಾಲೇ ಇಡದ ಜಾಗ ಒಂದಿದೆ."

ಆಂಟಿವೈರಸ್ಸಿನ ಸೆಟ್ಟಿಂಗ್ ತೆರೆದರು. ಬಿಟ್ಟುಬಿಡಬೇಕಾದ ಜಾಗಗಳ ಪಟ್ಟಿಯಲ್ಲಿ ಒಂದೇ ಹೆಸರು: ಕನ್ನಡ ಫೋಲ್ಡರ್. ಅದನ್ನು ತೆಗೆದು ಮತ್ತೆ ಸ್ಕ್ಯಾನ್ ಹಾಕಿದರು. ಉಮಾಮಹೇಶ್ವರಿ ಎದ್ದು ಹೋಗಿ ಕಾಫಿ ಮಾಡಿ ತಂದರು. ಲೋಟ ಖಾಲಿಯಾಗುವ ಹೊತ್ತಿಗೆ ಪರದೆಯ ಮೇಲೆ ಎರಡು ಕೆಂಪು ಗೆರೆ ಎದ್ದಿದ್ದವು.

"ಮೊದಲನೇದು ನಿಮ್ಮ ಕನ್ನಡ ಕೀಲಿಮಣೆ. ಪಾಪ, ಸುಮ್ಮನೆ ಬೈಸಿಕೊಳ್ತಿದೆ. ಎರಡನೇದು ಬೇರೆ. ನೀವು ಯಾವ ಫೈಲ್ ಉಳಿಸಿದ್ರೂ ಅದರ ನಕಲು ಇಂಟರ್ನೆಟ್ಟಲ್ಲಿ ಇನ್ನೊಬ್ಬರಿಗೆ ಹೋಗುತ್ತೆ."

"ಯಾರಿಗೆ?"

"ಖಾತೆ ಯಾರದ್ದು ಅಂತ ಕಂಪನಿಯೋರು ಹೇಳೋಕೆ ವಾರಗಟ್ಟಲೆ ಆಗುತ್ತೆ. ನಿಮ್ಮ ಕಮಿಟಿ ಬುಧವಾರ." ಸುಮನಾ ಆ ಎರಡನೆಯದನ್ನು ಅಳಿಸಲಿಲ್ಲ. ಇದ್ದ ಹಾಗೇ ಬಿಟ್ಟು, ಕುರ್ಚಿಯಿಂದ ಎದ್ದು ಉಮಾಮಹೇಶ್ವರಿಯವರಿಗೆ ಜಾಗ ಬಿಟ್ಟರು. "ನಾನು ಹೇಳ್ತೀನಿ. ನೀವು ಟೈಪ್ ಮಾಡಿ. ಕಮಿಟಿಗೆ ಬರೆಯೋ ಪತ್ರದ ಹಾಗೆ."

ಸುಮನಾ ಹೇಳುತ್ತ ಹೋದರು. ಮರುಪರೀಕ್ಷೆ ನಡೆಸಬಹುದು. ಆದರೆ ಸೋರಿಕೆ ಶುರುವಾದದ್ದು ಹುತ್ರಿದುರ್ಗದ ಕಡೆಯಿಂದ. ಆ ಭಾಗದ ಮಕ್ಕಳಿಗೆ ಈ ವರ್ಷ ಅವಕಾಶ ಕೊಡಬಾರದು.

ಹುತ್ರಿದುರ್ಗ ಎನ್ನುವ ಹೆಸರಿಗೆ ಬಂದಾಗ ಉಮಾಮಹೇಶ್ವರಿಯವರ ಬೆರಳು ನಿಂತಿತು. ಸುಮನಾ ಕಾದರು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಮತ್ತೆ ಆಡಿತು.

"ಇದು ನಿಜಕ್ಕೂ ಕಮಿಟಿಗೆ ಹೋಗಲ್ಲ ತಾನೆ?"

"ಎಲ್ಲೂ ಹೋಗಲ್ಲ. ಹೋಗೋದಾದ್ರೆ ಒಬ್ಬರ ಹತ್ರಕ್ಕೆ ಮಾತ್ರ. ಮಹಾಲಿಂಗಯ್ಯನೋರಿಗೂ ಹೇಳ್ಬೇಡಿ."

* * *

ಮಂಗಳವಾರ ಉದಯಕುಮಾರ್ ಬಂದ. ಕೈಯಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ.

ಅಂಗಳದಲ್ಲಿ ಚಿಕ್ಕಗಂಗಮ್ಮನ ಪಕ್ಕ ಸುಮನಾ ಕೂತಿದ್ದರು. ಮೈಮೇಲೆ ಯೂನಿಫಾರಂ ಇರಲಿಲ್ಲ. ಅವನು ನಮಸ್ಕಾರ ಹೇಳಿ ಕಟ್ಟೆಯ ಮೇಲೆ ಕೂತ. ಉಮಾಮಹೇಶ್ವರಿ ಚೀಲ ತೆಗೆದುಕೊಂಡು ಮೊರಕ್ಕೆ ಸುರಿದರು.

"ಆ ಕೃಷ್ಣಕುಮಾರ್ ಬಾಯಿ ಬಿಟ್ನಾ ಮೇಡಂ?"

"ಇನ್ನೂ ಇಲ್ಲ."

"ಬಿಡ್ತಾನೆ ಬಿಡಿ. ಕಮಿಟಿಯೋರು ಏನಂತಾರೆ ಟೀಚರ್?"

"ಮತ್ತೊಂದು ಪರೀಕ್ಷೆ ಮಾಡೋಣ ಅಂತಾರೆ."

"ಅದು ಸರಿ." ಉದಯಕುಮಾರ್ ಒಂದು ಕಾಯಿ ತೆಗೆದುಕೊಂಡು ಸುಲಿದ. ಕಾಳು ಕೈಯಲ್ಲೇ ಉಳಿಯಿತು. "ಆದ್ರೆ ಒಂದ್ ಮಾತು ಟೀಚರ್, ತಪ್ಪು ತಿಳೀಬೇಡಿ. ಯಾರೋ ಒಬ್ರು ಮಾಡಿದ್ದಕ್ಕೆ ಹುತ್ರಿದುರ್ಗದ ಕಡೆ ಮಕ್ಕಳನ್ನೆಲ್ಲ ಹೊರಗಿಡೋದು ನ್ಯಾಯ ಅಲ್ಲ. ಅವೇನು ಮಾಡಿದಾವೆ?"

ಉಮಾಮಹೇಶ್ವರಿ ತಲೆ ತಗ್ಗಿಸಿದರು.

"ಹೊರಗಿಡ್ತಾರೆ ಅಂತ ಯಾರು ಹೇಳಿದ್ರು ಸರ್?" ಎಂದರು ಸುಮನಾ.

"ಎಲ್ರೂ ಮಾತಾಡ್ತಾವ್ರಲ್ಲ."

"ಒಬ್ರೂ ಮಾತಾಡಿಲ್ಲ. ಅದು ನಿನ್ನೆ ಒಳಗೆ ಟೈಪ್ ಮಾಡಿದ ಪತ್ರ. ಕಾರ್ಯದರ್ಶಿಗೂ ಗೊತ್ತಿಲ್ಲ. ನಾನು ಹೇಳ್ದೆ, ಟೀಚರ್ ಟೈಪ್ ಮಾಡಿದ್ರು. ಆಮೇಲೆ ಅದನ್ನ ಓದಿದೋರು ಇನ್ನೊಬ್ರೇ."

ಚಿಕ್ಕಗಂಗಮ್ಮ ಕಾಳು ಬಿಡಿಸುವುದನ್ನು ನಿಲ್ಲಿಸಿದಳು.

"ಫೋನ್ ಕೊಡ್ತೀರಾ ಸರ್?"

ಕೊಟ್ಟ. ಕೊಡದೆ ಇರಬಹುದಿತ್ತು. ನಕಲುಗಳು ಹೋಗಿ ಸೇರುತ್ತಿದ್ದ ಖಾತೆ ಅದರಲ್ಲಿ ತೆರೆದೇ ಇತ್ತು. ಹಿಂದಿನ ದಿನದ ಪತ್ರ ಎಲ್ಲಕ್ಕಿಂತ ಮೇಲಿತ್ತು.

"ಕದಿಯೋಕೆ ಅಂತ ಹಾಕಿದ್ದಲ್ಲ ಟೀಚರ್," ಎಂದ ಉದಯಕುಮಾರ್. ದನಿ ತೀರ ಸಣ್ಣದಾಗಿತ್ತು. "ಒಂದ್ಸಲ ನಿಮ್ಮ ಫೈಲೆಲ್ಲ ಹೋಯ್ತಲ್ಲ. ಆಗ ಹಾಕ್ದೆ. ಇನ್ನೊಂದ್ಸಲ ಹಂಗಾಗ್ಬಾರ್ದು ಅಂತ. ಆಂಟಿವೈರಸ್ ಅಳಿಸ್ತಿತ್ತು, ಅದಕ್ಕೆ ಕನ್ನಡ ಫೋಲ್ಡರಲ್ಲಿಟ್ಟೆ."

"ಹೇಳಿ ಹಾಕಿದ್ರೆ ಅದು ಬ್ಯಾಕಪ್," ಎಂದರು ಸುಮನಾ. "ಹೇಳದೆ ಹಾಕಿದ್ರೆ ಏನಂತಾರೆ? ಮಕ್ಕಳಿಗೆ ಪಾಠ ಮಾಡೋರು, ನೀವೇ ಹೇಳಿ."

ಅವನು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದ.

"ಪೇಪರ್ ಯಾರಿಗೆ ಕೊಟ್ಟೆ?" ಉಮಾಮಹೇಶ್ವರಿ ಕೇಳಿದರು.

"ಅಕ್ಕಂಗೆ. ವನಜಕ್ಕಂಗೆ. ಭಾವ ಬಿಟ್ಟು ಹೋದ್ಮೇಲೆ ಮಗಳನ್ನ ಓದ್ಸೋಕೆ ದಾರಿ ಇಲ್ಲ. ಮಂಜುಶ್ರೀಗೆ ಒಂದು ಸೀಟು ಸಿಕ್ರೆ ಸಾಕಿತ್ತು. ಮಂಗಳವಾರ ಕಳಿಸ್ದೆ. ಯಾರಿಗೂ ತೋರಿಸ್ಬೇಡ ಅಂದಿದ್ದೆ. ಅಕ್ಕಂಗೆ ಓದೋಕೆ ಬರಲ್ಲ. ಹುಡುಗಿಗೆ ಹೇಳ್ಕೊಡು ಅಂತ ಪಕ್ಕದ ಮನೆಯೋಳಿಗೆ ಕೊಟ್ಲು. ಅವಳು ಸಂಘದ ಗ್ರೂಪಿಗೆ ಹಾಕಿದ್ಲು."

"ಕೃಷ್ಣಕುಮಾರನ ಹೆಸರು ಯಾಕೆ ಹೇಳ್ದೆ?"

ಉದಯಕುಮಾರ್ ಕಟ್ಟೆಯಿಂದ ಎದ್ದ.

* * *

ಸುಮನಾ ಎಲ್ಲವನ್ನೂ ಮಹಾಲಿಂಗಯ್ಯನವರಿಗೆ ಫೋನಿನಲ್ಲೇ ವಿವರಿಸಿದರು.

"ಸೋರಿದ ಪತ್ರಿಕೆಯಲ್ಲಿ ಕಾಯಿ ಲೆಕ್ಕ ಇತ್ತು. ಬುಧವಾರವೇ ಅದು ಕಂಪ್ಯೂಟರಿಂದ ಹೋಗಿತ್ತು. ಕೃಷ್ಣಕುಮಾರ್ ಕೈಗೆ ಮಿಷನ್ ಸಿಕ್ಕಿದ್ದು ಗುರುವಾರ. ಆ ವಾರ ಮನೆಗೆ ಬಂದು ಅದನ್ನ ಮುಟ್ಟಿದೋರು ಬೇರೆ ಯಾರೂ ಇಲ್ಲ. ಅಂದ್ರೆ ಕದ್ದೋರು ಮನೆಗೆ ಬರದೆಯೇ ಮಂಗಳವಾರ ಕದ್ದಿದಾರೆ. ಒಳಗೆ ಏನೋ ಇರ್ಲೇಬೇಕು. ಹಾಗಿದ್ರೆ ಪ್ರತಿವಾರ ಮಾಡೋ ಸ್ಕ್ಯಾನಿಗೆ ಯಾಕೆ ಸಿಗ್ಲಿಲ್ಲ? ಕನ್ನಡ ಟೈಪ್ ಮಾಡೋರೆಲ್ಲ ಆ ಒಂದು ಫೋಲ್ಡರಿಗೆ ವಿನಾಯ್ತಿ ಕೊಟ್ಟಿರ್ತಾರೆ. ಅದು ಗೊತ್ತಿರೋರು ಈ ಜಿಲ್ಲೇಲಿ ತುಂಬ ಜನ. ಅವರಲ್ಲಿ ಒಬ್ಬರಿಗೆ ಹುತ್ರಿದುರ್ಗದ ಮಗುವೊಂದು ಬೇಕಾಗಿರ್ಬೇಕು. ಅದಕ್ಕೇ ಆ ಮಗುವಿಗೆ ಅನ್ಯಾಯ ಆಗೋ ಹಾಗೆ ಬರೆಸಿದೆ. ಕಳ್ಳನಾಗಿದ್ರೆ ಸುಮ್ಮನಿರ್ತಿದ್ದ. ಇವನು ಮಾವ. ಸುಮ್ಮನಿರೋಕೆ ಆಗ್ಲಿಲ್ಲ."

ಉಮಾಮಹೇಶ್ವರಿ ಫೋನು ತೆಗೆದುಕೊಂಡರು.

"ಮಹಾಲಿಂಗಯ್ಯ, ಕಮಿಟಿ ನಾಳೆ ಕೂಡ್ಲಿ. ಇವತ್ತು ನೀವು ಕುಣಿಗಲ್‌ಗೆ ಹೋಗಿ. ಆ ಹುಡುಗನ ಅಂಗಡಿ ಮುಂದೆ ನಿಂತು, ಟೀ ಕುಡಿಯೋರಿಗೆಲ್ಲ ಕೇಳೋ ಹಾಗೆ ಹೇಳಿ, ಅವನದ್ದೇನೂ ತಪ್ಪಿಲ್ಲ ಅಂತ."

"ನಿಮ್ಮದೂ ತಪ್ಪಿಲ್ಲ ಅಕ್ಕ. ಹೊಸ ಪೇಪರ್ ನೀವೇ ತೆಗೀಬೇಕು."

"ತೆಗೀತೀನಿ. ಮಂಜುಶ್ರೀ ಅಂತ ಒಂದು ಹುಡುಗಿ ಇದ್ದಾಳೆ. ಅವಳನ್ನೂ ಹಾಲಿಗೆ ಬಿಡಿ. ಬರೀಲಿ, ಎಲ್ಲರ ಹಾಗೆ."

ಸುಮನಾ ಹೇಳಿಕೆಯನ್ನು ಬರೆದು ಮುಂದಿಟ್ಟರು. ಉಮಾಮಹೇಶ್ವರಿ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಉದಯಕುಮಾರನ ಹೆಸರು ಇರುವ ಕಡೆ ಎರಡು ಸಲ ಓದಿದರು. ಸಹಿ ಹಾಕಿದರು.

ಅವನು ಆಗಲೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಬೈಕಿನ ಬೀಗದ ಕೈಯನ್ನು ಕಟ್ಟೆಯ ಮೇಲೆ ಇಟ್ಟು ಹೋಗಿದ್ದ.

"ನಿನ್ನೆ ಹುತ್ರಿದುರ್ಗ ಅಂದಾಗ ನಿಮ್ಮ ಬೆರಳು ನಿಂತಿತು," ಎಂದರು ಸುಮನಾ. "ಅವನ ಅಕ್ಕನ ಊರು ಅಂತ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು. ಆಕೆ ಮದುವೇಲಿ ಧಾರೆ ಆಗೋ ತನಕ ನಿಂತಿದ್ದೆ."

"ಯಾಕೆ ಹೇಳ್ಲಿಲ್ಲ?"

"ನಮ್ಮ ಯಜಮಾನ್ರು ತುಮಕೂರು ಆಸ್ಪತ್ರೇಲಿದ್ದಾಗ ಇವನು ಮಂಚದ ಪಕ್ಕ ನೆಲದ ಮೇಲೆ ಮಲಗ್ತಿದ್ದ. ಕೊನೇ ನೀರು ಬಿಟ್ಟೋನೂ ಅವನೇ. ನಾನು ಅಲ್ಲಿಗೆ ಹೋಗೋದ್ರೊಳಗೆ ಎಲ್ಲ ಮುಗಿದಿತ್ತು." ಉಮಾಮಹೇಶ್ವರಿ ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟರು. "ಬಾಯಲ್ಲಿ ಹೇಳೋಕಾಗ್ಲಿಲ್ಲಮ್ಮ. ಟೈಪ್ ಮಾಡಿದೆ."

ಸುಮನಾ ಹೇಳಿಕೆಯ ಹಾಳೆ ಮಡಿಸಿದರು.

"ಆ ಋಣ ನನ್ನ ಮೇಲೆ ಹಾಗೇ ಇದೆ. ನನ್ನದು ಅಂತ ಏನಿದ್ರೂ ಕೇಳಿದ್ರೆ ಕೊಟ್ಟುಬಿಡ್ತಿದ್ದೆ. ಪೇಪರ್ ನನ್ನದಾಗಿರ್ಲಿಲ್ಲ."

ಜೀಪು ಬೀದಿ ತಿರುಗುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು.